ಹಸಿರು ಬಟನ್ನಿನ ಹಿಂದಿನ ಪ್ರಶ್ನೆ

ಕಂಪ್ಯೂಟರಿಗೆ ಮುಖ ಮಾಡಿಕೊಡುವುದು ಬಿಂದುಶ್ರೀಯ ಕಸುಬು. ಕೊರಟಗೆರೆಯಲ್ಲಿ ನೆಂಟರು ಯಾರಾದರೂ ಏನಮ್ಮ ನಿನ್ನ ಕೆಲಸ ಎಂದು ಕೇಳಿದರೆ, "ಕರೀ ಸ್ಕ್ರೀನಲ್ಲಿ ಅಕ್ಷರ ಹೊಡೆದು ಮಾಡೋ ಕೆಲಸಾನ ಬಟನ್ ಒತ್ತಿ ಮಾಡೋ ಹಂಗೆ ಮಾಡ್ಕೊಡ್ತೀನಿ" ಎನ್ನುತ್ತಿದ್ದಳು. ನೆಂಟರು ಹೂಂಗುಟ್ಟಿ ಮದುವೆಯ ಮಾತಿಗೆ ಹೊರಳುತ್ತಿದ್ದರು.

ಮಧುಗಿರಿಯಲ್ಲಿ ಗೊಬ್ಬರದ ಅಂಗಡಿಯ ಮೇಲೆ ಎರಡು ಕೋಣೆಯ ಆಫೀಸು. ಅದರ ಯಜಮಾನ ಅಂಜನ್ ಕುಮಾರ್ ಮಾತಿನಲ್ಲೇ ಮನೆ ಕಟ್ಟುವ ಆಸಾಮಿ. ಈ ಕಡೆಯ ಸಣ್ಣಪುಟ್ಟ ಕಂಪನಿಗಳಲ್ಲಿ ಯಾವ ಕಾಲದಲ್ಲೋ ಯಾರೋ ಬರೆದು ಬಿಟ್ಟುಹೋದ ಪ್ರೋಗ್ರಾಮುಗಳಿರುತ್ತವೆ. ತೆರೆದರೆ ಕಪ್ಪು ಪರದೆ, ಮೂಲೆಯಲ್ಲಿ ಮಿಣುಕುವ ಒಂದು ಗೆರೆ. ಏನು ಬೇಕೆಂದು ನಾವೇ ಅಕ್ಷರ ಅಕ್ಷರವಾಗಿ ಟೈಪು ಮಾಡಬೇಕು; ಒಂದಕ್ಷರ ತಪ್ಪಿದರೂ ಅದು ಮುಖ ತಿರುಗಿಸುತ್ತದೆ. ಇಂಥವುಗಳ ಒಳಗನ್ನು ಮುಟ್ಟದೆ ಮೇಲೊಂದು ಬಣ್ಣದ ಬಟನ್ನುಗಳ ಅಂಗಿ ತೊಡಿಸಿ ಕೊಡುವುದು ಅಂಜನ್ ಕುಮಾರನ ವ್ಯಾಪಾರ. ಅಂಗಿ ಹೊಲಿಯುವವಳು ಬಿಂದುಶ್ರೀ. ಬಟನ್ ಒತ್ತಿದಾಗ ಹಿಂದೆ ಅಡಗಿ ಕುಳಿತ ಅದೇ ಹಳೆಯ ಪ್ರೋಗ್ರಾಮಿಗೆ ಅದೇ ಅಕ್ಷರಗಳು ಹೋಗುತ್ತವೆ. ಟೈಪು ಮಾಡುವುದು ಮನುಷ್ಯನ ಬದಲು ಬಟನ್ನು, ಅಷ್ಟೇ ವ್ಯತ್ಯಾಸ ಎಂದು ಅವಳು ತಿಳಿದಿದ್ದಳು.

ಬೇಸಿಗೆ ಶುರುವಾಗುವಾಗ ಪಾವಗಡದಿಂದ ಒಂದು ಕೆಲಸ ಬಂತು. ಅಲ್ಲಿ ಒಂದು ಖಾಸಗಿ ಕಂಪನಿ ಬಿಸಿಲಿನಿಂದ ಕರೆಂಟು ತೆಗೆದು, ತನ್ನದೇ ಕಂಬ ನೆಟ್ಟು, ಸುತ್ತಲ ಹಳ್ಳಿಗಳ ಪಂಪ್‌ಸೆಟ್ಟುಗಳಿಗೆ ಹಗಲು ಹೊತ್ತು ಮಾತ್ರ ಕೊಡುತ್ತಿತ್ತು. ಯಾವ ಊರಿನ ಲೈನಿಗೆ ಕರೆಂಟು ಬಿಡಬೇಕು, ಯಾವುದನ್ನು ನಿಲ್ಲಿಸಬೇಕು ಎಂಬುದೆಲ್ಲ ಸ್ಟೇಷನ್ನಿನ ಒಂದು ಕಂಪ್ಯೂಟರಿನಿಂದ. ಅದರ ಮುಂದೆ ಕೂರುವವಳು ರಾಜಲಕ್ಷ್ಮಮ್ಮ, ಒಬ್ಬಳೇ. ಕಳ್ಳಂಬೆಳ್ಳದ ಹೆಣ್ಣು, ಪಾವಗಡಕ್ಕೆ ಸೊಸೆಯಾಗಿ ಬಂದವಳು. ಎಸ್ಸೆಸ್ಸೆಲ್ಸಿ ಪಾಸು, ಇಂಗ್ಲಿಷು ಅಷ್ಟಕ್ಕಷ್ಟೆ. ಆದರೂ ಆ ಕಪ್ಪು ಪರದೆಗೆ ಹೊಡೆಯಬೇಕಾದ ಇಂಗ್ಲಿಷ್ ಪದಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡಿದ್ದಳು.

ಮೊದಲ ದಿನ ಬಿಂದುಶ್ರೀ ಅವಳ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತು ನೋಡಿದಳು. ಲೈನಿನಲ್ಲಿ ರಿಪೇರಿ ಬಂದರೆ ಲೈನ್‌ಮ್ಯಾನು ಕಂಬ ಹತ್ತುವ ಮುಂಚೆ ರಾಜಲಕ್ಷ್ಮಮ್ಮನಿಗೆ ಫೋನು ಮಾಡುತ್ತಾನೆ. ಇದಕ್ಕೆ ಲೈನ್ ಕ್ಲಿಯರ್ ತಗೊಳ್ಳುವುದು ಎನ್ನುತ್ತಾರೆ. ಅವಳು ಕರೆಂಟು ನಿಲ್ಲಿಸಿ, "ಕೊಟ್ಟಿದೀನಿ, ಹತ್ತಪ್ಪ" ಎನ್ನುತ್ತಾಳೆ. ಆ ಒಂದು ಮಾತಿನ ಮೇಲೆ ಮನುಷ್ಯ ತಂತಿಗೆ ಕೈ ಹಾಕುತ್ತಾನೆ. ಮಾತು ತಪ್ಪಿತೋ, ಅವನು ಇಳಿಯುವುದು ಬೇರೆಯವರ ಹೆಗಲ ಮೇಲೆ.

ಕೆಲಸ ಮುಗಿದ ಮೇಲೆ ಕರೆಂಟು ಬಿಡುವಾಗ ಹಳೆಯ ಪ್ರೋಗ್ರಾಮು ಸುಮ್ಮನೆ ಬಿಡುತ್ತಿರಲಿಲ್ಲ. ಊರಿನ ಹೆಸರು ಹೊಡೆದ ಮೇಲೆ ಒಂದು ಪ್ರಶ್ನೆ ಕೇಳಿ ನಿಂತುಬಿಡುತ್ತಿತ್ತು: ಆಲ್ ಮೆನ್ ಡೌನ್? ಎಲ್ಲರೂ ಇಳಿದರೇ? ಎಸ್ ಎಂದು ಹೊಡೆಯುವವರೆಗೆ ಅದು ಜಪ್ಪಯ್ಯ ಎಂದರೂ ಅಲುಗದು. ಆ ಸಾಲು ಬಂದ ಕೂಡಲೇ ರಾಜಲಕ್ಷ್ಮಮ್ಮ ಕನ್ನಡಕ ಸರಿಮಾಡಿಕೊಂಡು ಫೋನು ಎತ್ತುವಳು. ಲೈನ್ ಕ್ಲಿಯರ್ ತಗೊಂಡ ಒಬ್ಬೊಬ್ಬರಿಗೂ ಮಾಡುವಳು.

"ಓಬಳಯ್ಯ, ಇಳಿದ್ಯೇನಪ್ಪ?"

"ಇಳ್ದೆ ಅಕ್ಕಾ. ನೆಲದ್ ಮ್ಯಾಲೆ ಅವ್ನಿ."

"ಚಪ್ಲಿ ಹಾಕ್ಕೊಂಡ್ಯಾ?"

"ಹಾಕ್ಕೊಂಡೆ."

ಚಪ್ಪಲಿಯ ಮಾತು ಅವಳದೇ ಒಂದು ಪರೀಕ್ಷೆ. ಕಂಬದ ಬುಡದಲ್ಲಿ ಬಿಟ್ಟ ಚಪ್ಪಲಿ ಕಾಲಿಗೆ ಬಂದರೆ ಮನುಷ್ಯ ನಿಜವಾಗಿ ಇಳಿದಿದ್ದಾನೆ ಎಂದು ಅರ್ಥ. ಆಮೇಲೆ ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಮೂರಕ್ಷರ ಹೊಡೆಯುವಳು. ಅಷ್ಟರಲ್ಲಿ ಪಂಪ್‌ಸೆಟ್ಟಿನವರ ಫೋನು ಬೊಬ್ಬೆ ಹೊಡೆಯುತ್ತಿರುತ್ತಿತ್ತು.

"ಬೆರಳು ನೋಯ್ತವೆ ಕಣವ್ವ" ಎಂದಳು ಬಿಂದುಶ್ರೀಗೆ. "ಒಂದಕ್ಷರ ಎಚ್ಚುಕಮ್ಮಿ ಆದ್ರೆ ಮೊದ್ಲಿಂದ ಒಡೀಬೇಕು. ಅದೇನೋ ಬಟನ್ ಮಾಡ್ಕೊಟ್ರೆ ನಿಂಗೆ ಪುಣ್ಯ ಬತ್ತದೆ."

ಓಬಳಯ್ಯ ಅವತ್ತು ಮಧ್ಯಾಹ್ನ ಸ್ಟೇಷನ್ನಿಗೇ ಬಂದಿದ್ದ. ಟವೆಲಿನಲ್ಲಿ ಬೇಯಿಸಿದ ಕಡಲೆಕಾಯಿ ಕಟ್ಟಿ ತಂದಿದ್ದ. ನಾಗಲಮಡಿಕೆ ಕಡೆಯವನು, ಕನ್ನಡ ಮಾತಾಡುತ್ತಲೇ ತೆಲುಗಿಗೆ ಜಾರುವವನು. "ಏನಮ್ಮಾ, ನಿನ್ ಬಟನ್ ಒತ್ತಿದ್ರೆ ನಾನು ಕಂಬ ಹತ್ತೋದು ತಪ್ತದಾ?" ಎಂದು ನಕ್ಕ. ತಪ್ಪೋದಿಲ್ಲ ಎಂದಳು ಬಿಂದುಶ್ರೀ. "ಪರ್ವಾಲೇದು ಬುಡು. ಅಕ್ಕನ ಬೆರಳಾದ್ರೂ ಉಳೀಲಿ" ಎಂದು ಅವಳ ಮುಂದೆ ಕಡಲೆಕಾಯಿ ಸುರಿದ.

ಮಧುಗಿರಿಗೆ ವಾಪಸು ಬಂದು ಅವಳು ಪರದೆ ಮಾಡಿದಳು. ಚೆಂದದ ಪರದೆಯೇ. ಪ್ರತಿ ಊರಿಗೂ ಒಂದು ಚೌಕ, ಚೌಕದಲ್ಲಿ ಕೆಂಪು ಬಟನ್ನು, ಹಸಿರು ಬಟನ್ನು, ಹೆಸರುಗಳು ಕನ್ನಡದಲ್ಲಿ. ಕೆಂಪು ಸರಿಯಾಗಿ ಕೆಲಸ ಮಾಡಿತು. ಹಸಿರು ಒತ್ತಿದರೆ ಮಾತ್ರ ಎಲ್ಲ ನಿಂತುಹೋಗುತ್ತಿತ್ತು. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಬಟನ್ನಿನ ಹಿಂದೆ ಹಳೆಯ ಪ್ರೋಗ್ರಾಮು ತನ್ನ ಪ್ರಶ್ನೆ ಕೇಳಿ ಉತ್ತರಕ್ಕೆ ಕಾದು ಕುಳಿತಿದೆ. ಪರದೆಯ ಮುಂದೆ ಕೂತವರಿಗೆ ಅದು ಕಾಣುವುದಿಲ್ಲ. ಅವಳು ಒಂದು ಪುಟ್ಟ ಚೌಕ ಮಾಡಿ ಆ ಪ್ರಶ್ನೆಯನ್ನು ಪರದೆಯ ಮೇಲೆ ತಂದಳು. ಎಲ್ಲರೂ ಇಳಿದರೇ? ಹೌದು, ಇಲ್ಲ.

ಅಂಜನ್ ಕುಮಾರ್ ಬೆನ್ನ ಹಿಂದೆ ನಿಂತು ನೋಡಿದ. "ಏನಮ್ಮ ಇದು? ಒಂದ್ಸಲ ಒತ್ತಿದ್ ಮೇಲೆ ಮತ್ತೆ ಯಾಕೆ ಕೇಳುತ್ತೆ? ಒಂದೇ ಒತ್ತಿಗೆ ಕರೆಂಟು ಅಂತ ಅವರಿಗೆ ಹೇಳಿ ಬಂದಿದೀನಿ."

"ಹಳೇ ಪ್ರೋಗ್ರಾಮು ಕೇಳುತ್ತೆ ಸರ್. ಎಸ್ ಅನ್ನದಿದ್ರೆ ಬಿಡಲ್ಲ."

"ಹಂಗಾದ್ರೆ ಎಸ್ ಅಂತ ನಾವೇ ಕಳಿಸಿದ್ರಾಯ್ತು. ಹಸಿರು ಒತ್ತೋರು ಇಳಿದ್ ಮೇಲೆ ತಾನೆ ಒತ್ತೋದು? ನಾಳೆ ತೋರಿಸ್ಬೇಕು. ಆಮೇಲೆ ಬೇಕಾದ್ರೆ ಸೇರ್ಸುವಂತೆ."

ಮಾತು ನ್ಯಾಯವಾಗಿಯೇ ಕೇಳಿಸಿತು. ಕೆಟ್ಟ ಮಾತುಗಳು ಬಹಳ ಸಲ ನ್ಯಾಯವಾಗಿಯೇ ಕೇಳಿಸುತ್ತವೆ. ಬಿಂದುಶ್ರೀ ಚೌಕ ತೆಗೆದಳು. ಪ್ರಶ್ನೆ ಬಂದ ಕೂಡಲೇ ಮನುಷ್ಯರನ್ನು ಕೇಳದೆ ಎಸ್ ಎಂದು ತಾನೇ ಹೇಳುವಂತೆ ಬಟನ್ನಿಗೆ ಕಲಿಸಿದಳು. ಒಂದು ಸಾಲಿನ ಕೆಲಸ. ಆ ಸಾಲಿನ ಪಕ್ಕದಲ್ಲಿ, ಇದನ್ನು ಆಮೇಲೆ ಸರಿಮಾಡಬೇಕು ಎಂದು ತನಗೇ ಒಂದು ಗುರುತು ಹಾಕಿಕೊಂಡಳು. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಗಾದೆ ಕಟ್ಟಿದವರಿಗೆ ಲೋಕ ಪೂರ್ತಿ ಗೊತ್ತಿರಲಿಲ್ಲ. ಹಾಳಾಗುವುದು ಯಾವಾಗಲೂ ನಾಳೆ ಎಂದವರ ಮನೆಯೇ ಆಗಿರುವುದಿಲ್ಲ.

ಪಾವಗಡದಲ್ಲಿ ತೋರಿಸಿದ ದಿನ ಕಂಪನಿಯ ದೊಡ್ಡವರು ಬಂದಿದ್ದರು. ರಾಜಲಕ್ಷ್ಮಮ್ಮ ಹಸಿರು ಒತ್ತಿದಳು, ಎದುರಿನ ದೀಪ ಹತ್ತಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ಮುಖ ಊರಗಲ ಅರಳಿತ್ತು. ಎಲ್ಲರೂ ಕಾಫಿಗೆ ಎದ್ದ ಮೇಲೆ ಬಿಂದುಶ್ರೀಯ ದುಪಟ್ಟಾ ಜಗ್ಗಿ ಮೆಲ್ಲಗೆ ಕೇಳಿದಳು.

"ಎಲ್ಲಾರೂ ಇಳಿದ್ರಾ ಅಂತ ಕೇಳ್ತಿತ್ತಲ್ಲವ್ವ, ಅದು?"

ಅಂಜನ್ ಕುಮಾರ್ ಬಾಗಿಲಲ್ಲೇ ನಿಂತಿದ್ದ. "ಅದನ್ನೆಲ್ಲ ಅದೇ ನೋಡ್ಕೊಳ್ಳುತ್ತಮ್ಮ" ಎಂದಳು ಬಿಂದುಶ್ರೀ.

ರಾಜಲಕ್ಷ್ಮಮ್ಮ ನಂಬಿದಳು. ನಂಬದೆ ಏನು? ಹೊಸ ಯಂತ್ರ, ಓದಿದ ಹುಡುಗಿ. ಯಾರು ಕಂಬದ ಮೇಲಿದ್ದಾರೆ, ಯಾರು ಇಳಿದಿದ್ದಾರೆ ಎಂದು ಯಂತ್ರವೇ ಹೇಗೋ ತಿಳಿದುಕೊಳ್ಳುತ್ತದೆ ಎಂದುಕೊಂಡಳು. ಫೋನು ಎತ್ತುತ್ತಿದ್ದ ಅವಳ ಕೈಗೆ ಆ ಪ್ರಶ್ನೆಯೇ ಕರೆಗಂಟೆಯಾಗಿತ್ತು. ಗಂಟೆ ನಿಂತ ಮೇಲೆ ಕೈ ಏಳುವುದನ್ನು ಮರೆಯಿತು.

ಎಲ್ಲ ಸಲೀಸಾಗಿ ನಡೆಯಿತು, ಒಂದು ಮಧ್ಯಾಹ್ನದ ಗಾಳಿ ಬೀಸುವವರೆಗೆ. ಒಂದೇ ಲೈನಿನಲ್ಲಿ ಎರಡು ಕಡೆ ತೊಂದರೆಯಾಯಿತು. ಊರ ಮುಂದೆ ಹುಣಸೆ ಕೊಂಬೆ ತಂತಿಯ ಮೇಲೆ ಬಿದ್ದಿತ್ತು, ಅದಕ್ಕೆ ಲಕ್ಷ್ಮೀಪತಿ ಎಂಬ ಲೈನ್‌ಮ್ಯಾನು ಹೋದ. ಆಚೆ ಹೊಲಗಳ ನಡುವೆ ಒಂದು ಕಂಬದಲ್ಲಿ ತಂತಿ ಕೂರಿಸುವ ಪಿಂಗಾಣಿ ಬಿಲ್ಲೆ ಒಡೆದಿತ್ತು, ಅಲ್ಲಿಗೆ ಓಬಳಯ್ಯ. ಇಬ್ಬರೂ ರಾಜಲಕ್ಷ್ಮಮ್ಮನ ಹತ್ತಿರ ಲೈನ್ ಕ್ಲಿಯರ್ ತಗೊಂಡರು. ಕೊಂಬೆ ಬೇಗ ಬಂತು. ಲಕ್ಷ್ಮೀಪತಿ ಫೋನು ಮಾಡಿ, "ಆಯ್ತಕ್ಕಾ, ಕೊಟ್ಬುಡು" ಎಂದ. ರಾಜಲಕ್ಷ್ಮಮ್ಮ ಹಸಿರು ಒತ್ತಿದಳು. ಬಟನ್ನು ಹಳೆಯ ಪ್ರೋಗ್ರಾಮಿಗೆ ಊರಿನ ಹೆಸರು ಹೇಳಿತು. ಪ್ರೋಗ್ರಾಮು ಎಲ್ಲರೂ ಇಳಿದರೇ ಎಂದು ಕೇಳಿತು. ಬಟನ್ನು ಎಸ್ ಎಂದಿತು.

ಓಬಳಯ್ಯನ ಚಪ್ಪಲಿ ಕಂಬದ ಬುಡದಲ್ಲೇ ಇದ್ದವು.

ಸುದ್ದಿ ಬಂದಾಗ ಬಿಂದುಶ್ರೀ ಊಟದ ಡಬ್ಬಿ ತೊಳೆಯುತ್ತಿದ್ದಳು. ಅಂಜನ್ ಕುಮಾರ್ ಫೋನು ಹಿಡಿದು ಒಳಗೆ ಬಂದು ಬಾಗಿಲು ಹಾಕಿದ. ಹೇಳಿ ಮುಗಿಸುವ ಮುಂಚೆಯೇ ಅವಳಿಗೆ ಗೊತ್ತಾಯಿತು. ಡಬ್ಬಿ ಕೆಳಗಿಟ್ಟು ಅಲ್ಲೇ ಕುಳಿತಳು.

"ಎಸ್ ಅಂತ ನಾವು ಹಾಕಿದ್ವಲ್ಲ ಸರ್" ಎಂದಳು.

"ನಾವು ಅಲ್ಲ. ಟೈಪ್ ಮಾಡಿದ ಕೈ ಯಾವುದು? ಪೊಲೀಸಿನವರು ನೋಡೋದು ಅದನ್ನ." ಅವನ ದನಿ ಗಟ್ಟಿಯಾಗಿರಲಿಲ್ಲ, ಅವನೂ ಹೆದರಿದ್ದ. "ನೋಡಮ್ಮ, ಅವತ್ತು ಒಂದು ಚೌಕ ಮಾಡಿದ್ಯಲ್ಲ, ಇಳಿದ್ರಾ ಅಂತ ಕೇಳೋದು? ಅದನ್ನ ವಾಪಸ್ ಹಾಕು. ಇವತ್ತೇ ಕಳಿಸು. ಹಳೇದು ಎಲ್ಲೂ ಉಳೀಬಾರದು. ಇನ್ನೊಬ್ಬ ಸಾಯಬಾರದು ಅಂತ ಅನ್ಕೊಂಡು ಮಾಡು."

ಕೊನೆಯ ಮಾತನ್ನು ಅವಳು ಹಿಡಿದುಕೊಂಡಳು. ಮುಳುಗುವವಳಿಗೆ ಅದೊಂದು ಹುಲ್ಲುಕಡ್ಡಿ. ಇನ್ನೊಬ್ಬ ಸಾಯಬಾರದು, ಸರಿ ತಾನೆ? ಚೌಕ ಹಾಕಿದಳು. ಅಕ್ಷರ ದೊಡ್ಡದು ಮಾಡಿದಳು, ಕೆಂಪು ಅಂಚು ಕೊಟ್ಟಳು. ಆಫೀಸಿನಿಂದಲೇ ಪಾವಗಡದ ಕಂಪ್ಯೂಟರಿಗೆ ಕಳಿಸಿದಳು. ಹಳೆಯದನ್ನು ಅಳಿಸಿದಳು, ತಾನು ಹಾಕಿಕೊಂಡಿದ್ದ ಗುರುತಿನ ಸಮೇತ. ಸ್ಟೇಷನ್ನನ್ನು ಅಷ್ಟು ಹೊತ್ತಿಗೆ ಮುಚ್ಚಿದ್ದರು, ಹೊಸ ಪರದೆಯನ್ನು ಯಾರೂ ನೋಡಿರಲಿಲ್ಲ.

ವಿಚಾರಣೆಗೆ ಬಂದ ಎಂಜಿನಿಯರು ಕೆಟ್ಟ ಮನುಷ್ಯನಲ್ಲ. ಅಂಜನ್ ಕುಮಾರನನ್ನೂ ಬಿಂದುಶ್ರೀಯನ್ನೂ ಸ್ಟೇಷನ್ನಿಗೆ ಕರೆಸಿದ್ದ. ರಾಜಲಕ್ಷ್ಮಮ್ಮನನ್ನು ಕುರ್ಚಿಯ ಮೇಲೆ ಕೂರಿಸಿಯೇ ಕೇಳಿದ. ಅತ್ತು ಅತ್ತು ಅವಳ ದನಿ ಹೋಗಿತ್ತು.

"ಎಲ್ಲರೂ ಇಳಿದಿದ್ದಾರಾ ಅಂತ ನೋಡದೆ ಯಾಕಮ್ಮ ಕರೆಂಟು ಕೊಟ್ರಿ?"

"ಅದು ಕೇಳಲಿಲ್ಲ ಸ್ವಾಮಿ. ಮೊದ್ಲಿಂದು ಕೇಳ್ತಿತ್ತು, ಇದು ಕೇಳಲಿಲ್ಲ. ಅದೇ ನೋಡ್ಕೊಳ್ಳುತ್ತೆ ಅಂದಿದ್ರು."

ಯಾರು ಅಂದಿದ್ದರು ಎಂದು ಅವಳು ಹೇಳಲಿಲ್ಲ. ಬಿಂದುಶ್ರೀಯ ಕಡೆ ಒಂದು ಸಲ ನೋಡಿ ತಲೆ ತಗ್ಗಿಸಿದಳು. ಆ ನೋಟದಲ್ಲಿ ದೂರು ಇರಲಿಲ್ಲ. ಹುಡುಗಿಯನ್ನು ಯಾಕೆ ಎಳೆಯಲಿ ಎಂಬ ಅಂತಃಕರಣವಿತ್ತು, ಅದೇ ಬಿಂದುಶ್ರೀಗೆ ತಡೆಯಲಾಗದೆ ಹೋದದ್ದು.

"ಸರ್, ಮಾತ್ಯಾಕೆ, ಹಾಕೇ ತೋರಿಸ್ತೀವಿ" ಎಂದ ಅಂಜನ್ ಕುಮಾರ್.

ಒತ್ತಿದರೂ ಲೈನಿಗೆ ಕರೆಂಟು ಹೋಗದಂತೆ ತಂತಿಗಳನ್ನು ಮೊದಲೇ ಬಿಡಿಸಿದ್ದರು. ಬಿಂದುಶ್ರೀಯೇ ಹಸಿರು ಒತ್ತಬೇಕಾಯಿತು. ಪರದೆಯ ನಡುವೆ ಕೆಂಪು ಅಂಚಿನ ಚೌಕ ಎದ್ದು ನಿಂತಿತು. ಎಲ್ಲರೂ ಇಳಿದರೇ? ಹೌದು, ಇಲ್ಲ. ಅಂದು ಒಂದೇ ಒತ್ತಿಗೆ ಚಪ್ಪಾಳೆ ತಟ್ಟಿದ್ದ ಕಂಪನಿಯ ದೊಡ್ಡವರು ಅಲ್ಲೇ ಗೋಡೆಗೆ ಒರಗಿದ್ದರು. ಅವರೆಲ್ಲ ನೆಲ ನೋಡಿದರು.

ರಾಜಲಕ್ಷ್ಮಮ್ಮ ಎದ್ದು ಬಂದಳು. ಕನ್ನಡಕ ಸರಿಮಾಡಿಕೊಂಡು, ಬೆರಳು ಇಟ್ಟು, ಅಕ್ಷರ ಅಕ್ಷರ ಓದಿದಳು. ಇನ್ನೊಮ್ಮೆ ಓದಿದಳು.

"ಕೇಳ್ತೈತಲ್ಲ" ಎಂದಳು.

ಈಗ ಹೇಳಬೇಕು, ಈಗಲೇ, ಎಂದುಕೊಂಡಳು ಬಿಂದುಶ್ರೀ. ಜೈಲು, ಅಪ್ಪನ ಮುಖ, ಕೊರಟಗೆರೆಯ ಬಸ್‌ಸ್ಟ್ಯಾಂಡಿನಲ್ಲಿ ಆಡಿಕೊಳ್ಳುವ ಜನ, ಎಲ್ಲ ಒಟ್ಟಿಗೆ ಬಂದವು. ಅವಳು ಬಾಯಿ ತೆರೆಯುವಷ್ಟರಲ್ಲಿ ರಾಜಲಕ್ಷ್ಮಮ್ಮನೇ ಮಾತಾಡಿದಳು.

"ಅಂಗಾದ್ರೆ ನಾನೇ ಒತ್ತಿರ್ಬೇಕು ಸ್ವಾಮಿ. ನೋಡ್ದೆ ಒತ್ಬುಟ್ಟಿದೀನಿ. ಕಣ್ಮುಂದೇನೇ ಐತೆ, ನಂಗೆ ಕಂಡಿಲ್ಲ." ಅವಳು ತನ್ನ ತೋರುಬೆರಳನ್ನು ಯಾರದೋ ಬೆರಳು ಎಂಬಂತೆ ನೋಡಿಕೊಂಡಳು.

ಎಂಜಿನಿಯರು ಬರೆದುಕೊಂಡ. ಅಲ್ಲಿಗೆ ಮುಗಿಯಿತು. ಅವಳನ್ನು ಕೆಲಸದಿಂದ ತೆಗೆದರು, ಕೇಸು ಆಮೇಲೆ ನಡೆಯುತ್ತದೆ ಎಂದರು.

ಓಬಳಯ್ಯನ ತಿಥಿ ಕಳೆದ ಮೇಲೆ ರಾಜಲಕ್ಷ್ಮಮ್ಮ ಬಿಂದುಶ್ರೀಗೆ ಫೋನು ಮಾಡಿದಳು. "ಅವ್ನ್ ಹೆಂಡ್ತಿ ಕಾಲಿಗ್ ಬೀಳ್ಬೇಕು ಕಣವ್ವ. ಒಬ್ಳೇ ಓಗಕೆ ಕಾಲು ಏಳ್ತಿಲ್ಲ. ಜೊತೇಲಿ ಬತ್ತೀಯಾ?"

ಬಿಂದುಶ್ರೀ ಹೊರಟಳು. ಆ ಹೊತ್ತಿಗೆ ಅವಳಿಗೆ ನಿದ್ದೆಯೂ ಇರಲಿಲ್ಲ, ಅನ್ನವೂ ಸೇರುತ್ತಿರಲಿಲ್ಲ. ಏನೇ ಆಗಲಿ, ಇಬ್ಬರ ಮುಂದೆಯೂ ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡಿದ್ದಳು. ಮೊದಲು ಇವರಿಗೆ, ಆಮೇಲೆ ಎಂಜಿನಿಯರಿಗೆ. ಪಾವಗಡದಿಂದ ಖಾಸಗಿ ಬಸ್ಸಿನಲ್ಲಿ ಹೋಗುವಾಗ ರಾಜಲಕ್ಷ್ಮಮ್ಮ ಕಿಟಕಿಯಾಚೆ ಕಂಬಗಳನ್ನೇ ನೋಡುತ್ತಿದ್ದಳು. ಒಂದೊಂದು ಕಂಬ ಹಿಂದೆ ಸರಿದಾಗಲೂ ಅವಳ ತುಟಿ ಅಲುಗುತ್ತಿತ್ತು.

ಓಬಳಯ್ಯನ ಹೆಂಡತಿ ದಾಸಮ್ಮ ಜಗಲಿಯ ಮೇಲೆ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದಳು. ಗಂಡ ಸತ್ತರೂ ಬಿತ್ತನೆಗೆ ಬೀಜ ಬೇಕಲ್ಲ. ಬಂದವರು ಯಾರೆಂದು ಗುರುತಿಸಿ ಕೈ ನಿಲ್ಲಿಸಿದಳು. ಬೈಯಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ.

ರಾಜಲಕ್ಷ್ಮಮ್ಮ ಬಾಗುವ ಮುಂಚೆಯೇ ಬಿಂದುಶ್ರೀ ಅವಳ ತೋಳು ಹಿಡಿದಳು. "ಬೀಳಬೇಡಿ ಅಮ್ಮ. ತಪ್ಪು ನಿಮ್ಮದಲ್ಲ. ಆವತ್ತು ಅದು ನಿಮ್ಮನ್ನ ಕೇಳಲೇ ಇಲ್ಲ. ನೀವು ಮೊದಲು ಹೇಳಿದ್ದೇ ನಿಜ. ಕೇಳದೆ ಎಸ್ ಅನ್ನೋ ಹಂಗೆ ಮಾಡಿದ್ದು ನಾನು."

"ಸುಮ್ಕಿರು ಮಗಾ. ನಾನೇ ಕಣ್ಣಾರೆ ಓದಿದ್ನಲ್ಲ."

"ಆ ಚೌಕ ನಾನು ಆಮೇಲೆ ಹಾಕಿದ್ದು. ಓಬಳಯ್ಯ ತೀರಿಹೋದ ಮೇಲೆ."

ದಾಸಮ್ಮ ಬಿಂದುಶ್ರೀಯನ್ನು ದಿಟ್ಟಿಸಿ ನೋಡಿದಳು. "ಯಾರಮ್ಮಾ ನೀನು?"

"ಆ ಬಟನ್ ಮಾಡಿದವಳು."

"ಮಾ ಆಯನ, ನನ್ ಗಂಡ, ಕಂಬದ್ ಮ್ಯಾಲೆ ಇರೋವಾಗ, ಇಳಿದವ್ನೆ ಅಂದೋಳು ನೀನಾ?"

"ನಾನೇ."

"ಆವತ್ತು ನೀನು ಎಲ್ಲಿದ್ದೆ?"

"ಮಧುಗಿರೀಲಿ."

ದಾಸಮ್ಮ ರಾಜಲಕ್ಷ್ಮಮ್ಮನ ಕಡೆ ತಿರುಗಿದಳು. "ಮಧುಗಿರೀಲಿ ಇದ್ದೋಳು ಇಲ್ಲಿ ಎಂಗಮ್ಮಾ ಒತ್ತಾಳು?"

"ಒತ್ತಿಲ್ಲ ಕಣಮ್ಮ" ಎಂದಳು ರಾಜಲಕ್ಷ್ಮಮ್ಮ. "ನನ್ ಮೇಲಿನ್ ಪಿರೂತಿಗೆ ಏಳ್ತೈತೆ. ಒಳ್ಳೇ ಮನೆ ಹುಡುಗಿ, ನನ್ ಪಾಪ ತಾನ್ ಹೊತ್ಕೊಳ್ಳಾಕೆ ಬಂದೈತೆ. ಬೆರಳು ನಂದೇ ಕಣಮ್ಮ, ಒತ್ತಿದ್ದು ನಂದೇ ಬೆರಳು."

ಬಿಂದುಶ್ರೀ ಮತ್ತೆ ಮೊದಲಿನಿಂದ ಹೇಳಿದಳು. ಹಿಂದೆ ಅಡಗಿದ ಪ್ರೋಗ್ರಾಮು, ಅದರ ಪ್ರಶ್ನೆ, ಮುಂಚೆಯೇ ತುಂಬಿಟ್ಟ ಉತ್ತರ. ಹೇಳುತ್ತ ಹೇಳುತ್ತ ತನ್ನ ಮಾತು ತನಗೇ ಕಟ್ಟುಕತೆಯಂತೆ ಕೇಳಿಸಿತು. ತೋರಿಸೋಣವೆಂದರೆ ಅಳಿಸಿಹಾಕಿದ್ದವಳೂ ಅವಳೇ. ರಾಜಲಕ್ಷ್ಮಮ್ಮ ಅವಳ ತಲೆ ಸವರಿ, "ಸಾಕು ಬುಡು, ದೇವ್ರು ನಿನ್ನ ಚೆನ್ನಾಗಿಟ್ಟಿರ್ಲಿ" ಎಂದಳು. ಅದೇ ನೋಡಿಕೊಳ್ಳುತ್ತದೆ ಎಂದಾಗ ಮರುಮಾತಿಲ್ಲದೆ ನಂಬಿದ್ದವಳು ಈಗ ಒಂದು ಮಾತನ್ನೂ ನಂಬಲಿಲ್ಲ.

ದಾಸಮ್ಮ ಒಳಗೆ ಹೋಗಿ ಮಜ್ಜಿಗೆ ತಂದಳು. ಲೋಟವನ್ನು ಮೊದಲು ಬಿಂದುಶ್ರೀಯ ಕೈಗೇ ಕೊಟ್ಟಳು. "ತಾಗಮ್ಮಾ, ಕುಡಿ. ಬಿಸ್ಲಲ್ಲಿ ಬಂದೀಯ. ಇನ್ನೊಬ್ಬರ ತಪ್ಪು ಹೊರೋ ಜನ ಈ ಕಾಲದಲ್ಲಿ ಯಾರವ್ರೆ?"

ಅಷ್ಟರಲ್ಲಿ ರಾಜಲಕ್ಷ್ಮಮ್ಮ ಮೊಣಕಾಲೂರಿ ದಾಸಮ್ಮನ ಪಾದದ ಮೇಲೆ ಹಣೆಯಿಟ್ಟಿದ್ದಳು. ಬಾಗಿಲ ಪಕ್ಕದಲ್ಲಿ ಗಂಡಸಿನ ಒಂದು ಜೊತೆ ಚಪ್ಪಲಿಯನ್ನು ಯಾರೋ ತೊಳೆದು ಒಣಗಿಸಿಟ್ಟಿದ್ದರು. ಬಿಂದುಶ್ರೀ ಮಜ್ಜಿಗೆಯ ಲೋಟ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.